ನೀರಣ್ಣನ ಸ್ಲೇಟು

ಮಂಚವನ್ನು ಓರೆ ಮಾಡಿ ಬಾಗಿಲು ದಾಟಿಸುತ್ತಿದ್ದಾಗ ಗುಂಡನ ಜೇಬಿನಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ಅವನ ಎರಡೂ ಕೈ ಮಂಚದ ಚೌಕಟ್ಟಿನಲ್ಲಿದ್ದವು.

"ಇಳಿಸ್ಬೇಡ, ಕಾಲು ಸಿಕ್ಕಿಹಾಕ್ಕೊಂಡಿದೆ," ಎಂದ ಆ ಬದಿ ಹಿಡಿದಿದ್ದ ಉದ್ದ.

"ಯಾರ ಕಾಲು?"

"ಮಂಚದ್ದಪ್ಪ. ಎತ್ತು ಮೇಲೆ."

ಬಂದವರು ಕೂರಲು ಜಾಗ ಸಾಲದೆ ಮಂಚ ಹೊರಗೆ ಹೊರಟಿತ್ತು. ನಡುಮನೆಯಲ್ಲಿ, ಕಿಟಕಿಯ ಪಕ್ಕ, ಬಿಳಿ ಹೊದಿಕೆಯಡಿ ನೀರಣ್ಣ ಮಲಗಿದ್ದ. ನಿನ್ನೆ ಸಂಜೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಮೂವತ್ತೆಂಟು ವರ್ಷ ಊರಿಗೆ ನೀರು ಬಿಟ್ಟವನು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟು ಬೀದಿ ಬೀದಿ ತಿರುಗಿ, ನೆಲದಡಿಯ ವಾಲ್ವುಗಳನ್ನು ತೆರೆದು ಮುಚ್ಚಿದವನು. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಉದ್ದ, ಗುಂಡ ಇಬ್ಬರೂ ಅವನ ಕೈಕೆಳಗೆ ಕೆಲಸ ಕಲಿತವರು. ಆ ಅಡ್ಡಹೆಸರುಗಳನ್ನು ಇಟ್ಟವನೂ ಅವನೇ. ಈಗ ಇಬ್ಬರಿಗೂ ಐವತ್ತು ದಾಟಿತ್ತು.

ಮಂಚವನ್ನು ಅಂಗಳಕ್ಕಿಳಿಸಿ ಗುಂಡ ಫೋನು ತೆಗೆದ. ಬೆರಳು ಎಲ್ಲೋ ತಾಗಿ ಆ ಕಡೆಯ ಮಾತು ಮನೆಗೆಲ್ಲ ಕೇಳಿಸಿತು.

"ಮೇಡಂ, ನೀರಣ್ಣನ ಮನೇಲಿದ್ದೀವಿ."

"ಗೊತ್ತು, ನಾನೂ ಅಲ್ಲಿಗೇ ಹೊರಟಿದ್ದೆ," ಎಂದರು ನೀರು ಸರಬರಾಜು ಕಚೇರಿಯ ಇಂಜಿನಿಯರಮ್ಮ. ಅವರ ಹಿಂದೆ ಭೋರ್ಗರೆಯುವ ಸದ್ದು. "ಆಸ್ಪತ್ರೆ ರಸ್ತೇಲಿ ಪೈಪು ಒಡೆದಿದೆ. ನೀರು ಎರಡನೇ ಮಹಡಿ ಕಿಟಕಿಗೆ ಬಡೀತಿದೆ. ರಸ್ತೆ ಕುಸೀತಿದೆ. ಆ ತುಂಡಿಗೆ ಮಾತ್ರ ಅಂತ ಒಂದು ಚಿಕ್ಕ ವಾಲ್ವು ಇದೆಯಂತಲ್ಲ, ಎಲ್ಲಿ?"

ಗುಂಡ ಉದ್ದನ ಮುಖ ನೋಡಿದ. ಉದ್ದ ನಡುಮನೆಯ ಕಡೆ ನೋಡಿದ.

"ಟಾರಿನಡಿ ಹೋಗಿ ಇಪ್ಪತ್ತು ವರ್ಷ ಆಯ್ತು ಮೇಡಂ. ಅಣ್ಣನಿಗೆ ಮಾತ್ರ ಗೊತ್ತಿತ್ತು," ಎಂದ ಗುಂಡ.

"ಲೋಹ ಹುಡುಕೋ ಯಂತ್ರ ತರಿಸಿದೆ. ಇಲ್ಲಿ ಎಲ್ಲಿಟ್ರೂ ಕಿರುಚುತ್ತೆ, ಕೆಳಗೆಲ್ಲ ಬರೀ ಹಳೇ ಕಬ್ಬಿಣ. ಮೇಲಿನ ದೊಡ್ಡ ವಾಲ್ವನ್ನೇ ಮುಚ್ಚಿಸ್ಬೇಕು. ಅರ್ಧ ಊರಿಗೆ ನೀರು ನಿಲ್ಲುತ್ತೆ, ಏನು ಮಾಡೋದು."

ಅಪ್ಪನ ತಲೆಯ ಬಳಿ ಕೂತಿದ್ದ ಮಗಳು ಎದ್ದು ಬಂದಳು. ಅವಳು ಅದೇ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ನರ್ಸು. "ಮೇಡಂ, ಆಸ್ಪತ್ರೆಗೂ ನಿಲ್ಲುತ್ತಾ?"

"ನಿಲ್ಲುತ್ತಮ್ಮ."

"ಬೆಳಗಿನ ಪಾಳಿಗೆ ಎಂಟು ಜನ ಮೆಷಿನ್ ಮೇಲಿದ್ದಾರೆ. ನೀರಿಲ್ದೆ ಮೆಷಿನ್ ಓಡಲ್ಲ. ಟ್ಯಾಂಕಲ್ಲಿರೋದು ಮುಕ್ಕಾಲು ಗಂಟೆಗೆ ಸಾಕಾದ್ರೆ ಹೆಚ್ಚು."

ಆಗ ಮೂಲೆಯಿಂದ ನೀರಣ್ಣನ ಹೆಂಡತಿಯ ದನಿ ಬಂತು. ಬೆಳಗಿನಿಂದ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು.

"ಸ್ಲೇಟು ನೋಡಿ. ಅದ್ರಲ್ಲಿ ಬೀದಿ ಬೀದಿ ಗೀಚ್ತಿದ್ರು."

* * *

ನಾಲ್ಕು ವರ್ಷದ ಹಿಂದೆ, ನಿವೃತ್ತಿಯ ದಿನ, ಕಚೇರಿಯವರು ಗೋಡೆ ಗಡಿಯಾರದ ಬದಲು ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಒಂದನ್ನು ಕೊಟ್ಟಿದ್ದರು. ನೀರಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಒಂದನೇ ಕ್ಲಾಸಲ್ಲಿ ಸ್ಲೇಟು ಒಡೆದೆ ಅಂತ ಮೇಷ್ಟ್ರು ಹೊರಗೆ ನಿಲ್ಲಿಸಿದ್ರು. ಈಗ ಕರೆದು ಹೊಸದು ಕೊಡ್ತಿದ್ದೀರಾ?" ಎಂದ. ಎಲ್ಲರೂ ನಕ್ಕರು. ಮನೆಗೆ ಬಂದವನೇ ಅದನ್ನು ಬೀರುವಿನಲ್ಲಿ ಬಟ್ಟೆಯಡಿ ಇಟ್ಟ.

ಅಷ್ಟರಲ್ಲಾಗಲೇ ಅವನು ಓದುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕನ್ನಡಕ ಮೂರು ಸಲ ಬದಲಾಗಿತ್ತು. ಅಕ್ಷರಗಳು ಇರುವೆಗಳಂತೆ ಹರಿದಾಡುತ್ತವೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ, "ಪೇಪರಲ್ಲಿ ಏನಿರುತ್ತೆ ಮಣ್ಣು," ಎಂದು ತೇಲಿಸಿಬಿಡುತ್ತಿದ್ದ. ಒಂದು ಭಾನುವಾರ ಮಗಳು ಆ ಟ್ಯಾಬ್ಲೆಟ್ ಹೊರಗೆ ತೆಗೆದಳು. ಅದರಲ್ಲಿ ದಿನಪತ್ರಿಕೆ ತೆರೆದು, ಅಪ್ಪನ ಎರಡು ಬೆರಳು ಹಿಡಿದು ಗಾಜಿನ ಮೇಲಿಟ್ಟು ಅಗಲಿಸಿದಳು. ಅಕ್ಷರ ಹೆಬ್ಬೆರಳಿನಷ್ಟು ದಪ್ಪಗಾಯಿತು.

ನೀರಣ್ಣ ಮತ್ತೊಮ್ಮೆ ಅಗಲಿಸಿದ. ಇನ್ನೂ ದೊಡ್ಡದಾಯಿತು. ಆಮೇಲೆ ಮಗಳ ಕಡೆ ನೋಡಲೇ ಇಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಜಾಹೀರಾತನ್ನೂ ಬಿಡದೆ ಗಟ್ಟಿಯಾಗಿ ಓದಿದ. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿದ.

"ಕೇಳೇ ಇಲ್ಲಿ. ಹಳೇ ಬೀರು ಮಾರಾಟಕ್ಕಿದೆಯಂತೆ."

"ನಮಗ್ಯಾಕ್ರೀ ಬೀರು?"

"ನಮಗೆ ಬೇಡ. ಓದೋಕಾಯ್ತಲ್ಲ, ಅದಕ್ಕೆ ಹೇಳ್ದೆ."

ಪೆನ್ನು ಹಿಡಿಯುವುದಕ್ಕೆ ಇನ್ನೊಂದು ತಿಂಗಳು ಹಿಡಿಯಿತು. ವಾಲ್ವು ತಿರುಗಿಸಿದ ಕೈ. ಒತ್ತಿದ ರಭಸಕ್ಕೆ ಎರಡು ಮೊನೆ ಮುರಿದವು. "ಅಪ್ಪ, ಇದು ವಾಲ್ವಲ್ಲ," ಎಂದು ಮಗಳು ದಿನಾ ಹೇಳಬೇಕಾಯಿತು. ಕೈ ಹಗುರಾದ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಕಾದಂಬರಿಗಳ ಅಂಚಿನಲ್ಲಿ ಪಾತ್ರಗಳ ಜೊತೆ ಜಗಳಕ್ಕೆ ನಿಂತ. "ಇವನಿಗೆ ಬುದ್ಧಿ ಇಲ್ಲ." "ಹೋಗಬೇಡ ಹೋಗಬೇಡ ಅಂದರೂ ಹೋದಳು, ಈಗ ಅಳು." ಹೆಂಡತಿ ಆ ಸ್ಲೇಟಿಗೆ ತನ್ನ ಸವತಿ ಎಂದು ಹೆಸರಿಟ್ಟಳು. ಆದರೆ ಚಾರ್ಜು ಮುಗಿದರೆ ನೆನಪಿಟ್ಟು ಸಿಕ್ಕಿಸುತ್ತಿದ್ದವಳು ಅವಳೇ.

* * *

ಮಗಳು ಟ್ಯಾಬ್ಲೆಟ್ ತಂದು ನಡುಮನೆಯ ನೆಲದ ಮೇಲಿಟ್ಟಳು. ಉದ್ದ, ಗುಂಡ ಎರಡೂ ಬದಿಗೆ ಕುಕ್ಕರಗಾಲಲ್ಲಿ ಕೂತರು. ಪರದೆಯ ಮೇಲೆ ಮೂರು ಪುಸ್ತಕ ಮೂಡಿದವು. ಓದಿದ್ದು. ಮನೆ. ನೆಲದಡಿ.

"ನೆಲದಡಿ, ನೆಲದಡಿ," ಎಂದ ಗುಂಡ. ಅವನ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು.

ಪುಟ ತೆರೆಯುತ್ತಲೇ ಇಬ್ಬರೂ ಅದರ ಮೇಲೆ ಬಗ್ಗಿದರು. ನೀಲಿ ಗೆರೆಯ ಪೈಪು, ಕೆಂಪು ಚುಕ್ಕೆಯ ವಾಲ್ವು, ಪಕ್ಕದಲ್ಲಿ ಟೇಪು ಹಿಡಿದು ಅಳೆದ ಲೆಕ್ಕ. ಅದರಡಿ ಆ ಸೊಟ್ಟ ಅಕ್ಷರ. "ಈ ವಾಲ್ವಿಗೆ ಕೊಬ್ಬು ಜಾಸ್ತಿ, ಎಣ್ಣೆ ಕುಡಿಸದೆ ತಿರುಗಲ್ಲ." "ಇದರ ಮುಚ್ಚಳದ ಮೇಲೆ ಗುಂಡ ಬಿದ್ದಿದ್ದ. ಮುಚ್ಚಳ ಬದಲಾಯಿಸಬೇಕಾಯಿತು."

"ಅದನ್ನೂ ಬರೆದಿಟ್ಟಿದ್ದಾರೆ," ಎಂದ ಗುಂಡ. ನಗಲು ಹೋದವನು ತೋಳಿನಿಂದ ಕಣ್ಣೊರೆಸಿಕೊಂಡ.

"ಆಮೇಲೆ ಅಳು, ಬೇಗ ತಿರುವು," ಎಂದ ಉದ್ದ.

ಮಗಳು ಬೆರಳಿನಿಂದ ಪುಟ ಸರಿಸುತ್ತ ಹೋದಳು. ಮಾರುಕಟ್ಟೆ ಬೀದಿ. ಶಾಲೆ ಓಣಿ. ಬಸ್ ಡಿಪೋ ಹಿಂಭಾಗ. ಇನ್ನೂರಕ್ಕೂ ಹೆಚ್ಚು ಪುಟ. ಆಸ್ಪತ್ರೆ ರಸ್ತೆ ಇನ್ನೂ ಸಿಕ್ಕಿರಲಿಲ್ಲ.

"ಮೊನ್ನೆ ಮೂರು ಬೀದಿ ಬಾಕಿ ಅಂತಿದ್ರು," ಎಂದಳು ತಾಯಿ.

"ಯಾವ ಮೂರು ಅಂತ ಹೇಳಿದ್ರಾ ಅತ್ತಿಗೆ?"

"ಹೇಳಿರಬೇಕು. ನಾನು ಬೇಳೆ ಆರಿಸ್ತಿದ್ದೆ, ಹೂಂಗುಟ್ಟಿದೆ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಫೋನು ಮತ್ತೆ ಬಡಿದುಕೊಂಡಿತು. ಇನ್ನು ಹತ್ತು ನಿಮಿಷ ಅಷ್ಟೆ, ರಸ್ತೆಯಂಚಿನ ಮನೆಗಳ ಗೋಡೆ ಬಿರುಕು ಬಿಡ್ತಿದೆ ಎಂದರು ಇಂಜಿನಿಯರಮ್ಮ. ಮಗಳು ಕೊನೆಯ ಪುಟಕ್ಕೆ ಬಂದಿದ್ದಳು. ಮೇಲೆ ನಿನ್ನೆಯ ತಾರೀಖು.

"ಆಸ್ಪತ್ರೆ ರಸ್ತೆ," ಎಂದು ಓದಿದಳು. ಅವಳ ದನಿ ಏರಿತು. "ಔಷಧಿ ಅಂಗಡಿಯ ಮೂಲೆಗಲ್ಲಿಗೆ ಹಿಮ್ಮಡಿ ತಾಗಿಸಿ ನಿಲ್ಲಬೇಕು. ಎದುರಿಗೆ ಓರೆಯಾಗಿ ಗಡಿಯಾರ ರಿಪೇರಿ ಅಂಗಡಿಯ ಬಾಗಿಲು. ಅದನ್ನು ನೋಡುತ್ತ ಹದಿನೇಳು ಹೆಜ್ಜೆ. ಈ ವಾಲ್ವು ಉಲ್ಟಾ. ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಬಲಕ್ಕೆ ಒತ್ತಿದರೆ ಕತ್ತು ಮುರಿಯುತ್ತದೆ. ಇವತ್ತು ಸುಸ್ತು. ಟೇಪು ನಾಳೆ. ಹೆಜ್ಜೆ ನನ್ನದು, ಉದ್ದನದಲ್ಲ."

ಉದ್ದ ಆಗಲೇ ಬಾಗಿಲಿನಲ್ಲಿದ್ದ. ಅಲ್ಲೇ ನಿಂತ. "ಅಣ್ಣನ ಹೆಜ್ಜೆ ಎಷ್ಟು?"

"ನಾನು ಹಾಕಿದ್ರೆ ಮುಂಚೆ ನಿಲ್ತೀನಿ," ಎಂದ ಗುಂಡ. "ನೀನು ಹಾಕಿದ್ರೆ ಗಡಿಯಾರದಂಗಡಿ ಒಳಗಿರ್ತೀಯ."

ನೀರಣ್ಣನ ಹೆಂಡತಿ ಗೋಡೆಗೆ ಕೈಕೊಟ್ಟು ಎದ್ದಳು. ಗಂಡನ ಕಾಲಿನ ಬಳಿ ಸ್ವಲ್ಪ ಸರಿದಿದ್ದ ಹೊದಿಕೆಯನ್ನು ಸರಿಮಾಡಿದಳು.

"ನಡೀರಿ, ನಾನು ಬರ್ತೀನಿ," ಎಂದಳು.

* * *

ಹೊಸ ನಕ್ಷೆಗಾಗಿ ಇಂಜಿನಿಯರಮ್ಮ ಆರು ಸಲ ಕೇಳಿದ್ದರು. ಆರು ಸಲವೂ ನೀರಣ್ಣ ತನ್ನ ಹಣೆ ತಟ್ಟಿ, "ಎಲ್ಲ ಇಲ್ಲಿದೆ," ಎಂದಿದ್ದ. ನಕ್ಷೆ ಕೊಟ್ಟುಬಿಟ್ಟರೆ ನನ್ನನ್ನು ಯಾರು ಕರೀತಾರೆ ಎಂದು ಹೆಂಡತಿಯ ಮುಂದೆ ಮಾತ್ರ ಹೇಳಿದ್ದ. ನಿವೃತ್ತನಾದ ಮೇಲೂ ವಾರಕ್ಕೊಮ್ಮೆ ಕರೆ ಬರುತ್ತಿತ್ತು. ಆ ಕರೆ ಬಂದ ದಿನ ಅವನ ನಡಿಗೆಯೇ ಬೇರೆ.

ಒಂದೂವರೆ ವರ್ಷದ ಹಿಂದೆ, ಒಂದು ಮಧ್ಯಾಹ್ನ, ತಿರುಗಾಡಲು ಹೋದವನು ಬೇಗ ವಾಪಸು ಬಂದ. ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತ.

"ಶಾಲೆ ಓಣಿ ತಿರುವಲ್ಲಿ ನಿಂತಿದ್ದೆ ಕಣೇ. ಅಲ್ಲೊಂದು ವಾಲ್ವಿದೆ. ನಾನೇ ಕೂರಿಸಿದ್ದು. ಎಲ್ಲಿದೆ ಅಂತ ಹೊಳೀಲಿಲ್ಲ."

"ನಾಳೆ ಹೊಳೆಯುತ್ತೆ ಬಿಡಿ."

"ನಾಳೆ ಇನ್ನೊಂದು ಹೋಗುತ್ತೆ."

ಓದುತ್ತಿದ್ದ ಕಾದಂಬರಿಯನ್ನು ಅರ್ಧಕ್ಕೇ ಮುಚ್ಚಿ, ಹೊಸ ಪುಸ್ತಕ ತೆರೆದು ಮೊದಲ ಗೆರೆ ಎಳೆದ. ಮರುದಿನದಿಂದ ಟೇಪು, ಪೆನ್ನು, ಸ್ಲೇಟು ಹಿಡಿದು ಬೀದಿಗಿಳಿದ. ನಡುರಸ್ತೆಯಲ್ಲಿ ನಿಂತು ಗೀಚುವವನನ್ನು ನೋಡಿ ಬೈಕಿನವರು ಬೈದರು, ಅಂಗಡಿಯವರು ತಲೆ ಕೆಟ್ಟಿದೆ ಎಂದರು. ಅವನು ಸಂಜೆ ಮನೆಗೆ ಬಂದು ಅದೆಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದ. ಆ ಒಂದೂವರೆ ವರ್ಷ ಅವನು ಇದ್ದಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ.

* * *

ಆಸ್ಪತ್ರೆ ರಸ್ತೆಯ ಇಳಿಜಾರಿನಲ್ಲಿ ನೀರು ಕಂಬದಂತೆ ಎದ್ದು ನಿಂತಿತ್ತು. ಅದು ಚಿಮ್ಮಿಸಿದ ತೆಳು ಕೆಸರು ಮೇಲಿನ ಔಷಧಿ ಅಂಗಡಿಯವರೆಗೂ ಬಿದ್ದು ರಸ್ತೆಯೆಲ್ಲ ಬಣ್ಣ ಬಳಿದಂತಾಗಿತ್ತು. ಜನ ಎರಡೂ ಬದಿ ಗುಂಪುಗೂಡಿದ್ದರು. ಇಂಜಿನಿಯರಮ್ಮ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿದ್ದರು. ದೊಡ್ಡ ವಾಲ್ವಿನ ಬಳಿ ಇದ್ದವರಿಗೆ ಅವರು ಫೋನಿನಲ್ಲಿ, "ಇನ್ನೂ ಐದು ನಿಮಿಷ ತಡೀರಿ," ಎಂದರು.

ನೀರಣ್ಣನ ಹೆಂಡತಿ ಚಪ್ಪಲಿ ಕಳಚಿ ಮೂಲೆಗಲ್ಲಿಗೆ ಹಿಮ್ಮಡಿ ತಾಗಿಸಿದಳು.

"ಅತ್ತಿಗೆ, ಅಣ್ಣನ ಹೆಜ್ಜೆ ನಿಮಗೆ ಬರುತ್ತಾ?" ಎಂದ ಉದ್ದ.

"ಮದುವೆಯಾದ ಹೊಸದರಲ್ಲಿ ಕೀಲಿ ಹೊತ್ತುಕೊಂಡು ಓಡೋ ಹಾಗೆ ನಡೀತಿದ್ರು. ನಾನು ಹಿಂದೆ ಬೀಳ್ತಿದ್ದೆ. ಒಂದಿನ ರಸ್ತೇಲೇ ಕೂತ್ಬಿಟ್ಟೆ, ಬರಲ್ಲ ಅಂತ. ಆಮೇಲೆ ಅವರು ನನ್ನ ಹೆಜ್ಜೆಗೇ ಇಳಿದ್ರು. ಕೆಲಸಕ್ಕೆ ಹೋದ್ರೂ ಹಾಗೇ ನಡೀತಿದ್ರಂತೆ."

"ಹೌದು. ನಾವು ತಮಾಷೆ ಮಾಡ್ತಿದ್ವಿ," ಎಂದ ಗುಂಡ.

ಆಕೆ ಗಡಿಯಾರದಂಗಡಿಯ ಬಾಗಿಲನ್ನೇ ನೋಡುತ್ತ ಹೊರಟಳು. ಮಗಳು ಗಟ್ಟಿಯಾಗಿ ಎಣಿಸಿದಳು. ಹತ್ತು. ಹದಿನೈದು. ಹದಿನಾರು. ಹದಿನೇಳಕ್ಕೆ ಆಕೆ ನಿಂತು, ಕಾಲಿನ ಬೆರಳಿನಿಂದ ನೆಲ ತೋರಿಸಿ, ಪಕ್ಕಕ್ಕೆ ಸರಿದಳು.

ಉದ್ದ ಹಾರೆ ಎತ್ತಿದ. ಮೊದಲ ಪೆಟ್ಟಿಗೆ ಟಾರು, ಎರಡನೆಯದಕ್ಕೂ ಟಾರು. ಗುಂಡ ಪಿಕಾಸಿ ಹಿಡಿದು ಎದುರು ನಿಂತ. ಒಂದು ಗೇಣು ಆಳಕ್ಕೆ ಜಲ್ಲಿ ಬಂತು. ಏನೂ ಇಲ್ಲ. ಇನ್ನರ್ಧ ಗೇಣು. ಇಂಜಿನಿಯರಮ್ಮ ಗಡಿಯಾರ ನೋಡಿಕೊಂಡರು. ಹಾರೆಯ ತುದಿ ಠಣ್ ಎಂದಿತು.

ಎಲ್ಲರೂ ಕೈಯಿಂದಲೇ ಮಣ್ಣು ಬಾಚಿದರು. ದುಂಡು ಮುಚ್ಚಳ ಮೀಟಿ ತೆಗೆದರೆ ಕೆಳಗೆ ತುಕ್ಕಿನ ಚೌಕ ತಲೆ. ಗುಂಡ ಕೀಲಿ ಇಳಿಸಿ, ಅಭ್ಯಾಸಬಲದಿಂದ ಬಲಕ್ಕೆ ಮೈಭಾರ ಹಾಕಲು ಬಾಗಿದ.

"ಎಡಕ್ಕೆ," ಎಂದರು ಮೂವರು ಒಟ್ಟಿಗೆ.

ಎಡಕ್ಕೆ ಅದು ಕದಲಲಿಲ್ಲ. ಉದ್ದನೂ ಕೈಹಾಕಿದ. ಇಂಜಿನಿಯರಮ್ಮನೂ ಹಾಕಿದರು. ನರಳಿದಂಥ ಒಂದು ಸದ್ದಾಗಿ ಕೀಲಿ ಅರ್ಧ ಸುತ್ತು ಹೊರಳಿತು. ಆಮೇಲೆ ಒಂದು ಸುತ್ತು, ಎರಡು, ಎಂಟು, ಇಪ್ಪತ್ತು. ಕೆಳಗೆ ನೀರಿನ ಕಂಬ ಕಿಟಕಿಯಿಂದ ಬಾಗಿಲಿಗೆ ಇಳಿಯಿತು, ಬಾಗಿಲಿನಿಂದ ಮೊಣಕಾಲಿಗೆ. ಮೂವತ್ತೊಂದನೆಯ ಸುತ್ತಿಗೆ ಕೀಲಿ ಬಿಗಿಯಿತು. ರಸ್ತೆಯಲ್ಲಿ ಗುಳುಗುಳು ಎನ್ನುವುದೊಂದೇ ಉಳಿಯಿತು.

ಮಗಳು ವಾರ್ಡಿಗೆ ಫೋನು ಮಾಡಿದಳು. "ನಲ್ಲೀಲಿ ನೀರು ಬರ್ತಿದೆಯಾ? ಮೆಷಿನ್?" ಎಂದು ಕೇಳಿ, ಕಿವಿಗೊಟ್ಟು, ತಾಯಿಯ ಕಡೆ ತಿರುಗಿ ಹೌದೆಂದು ತಲೆಯಾಡಿಸಿದಳು. ಗುಂಪಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಗುಂಡ ಕೆಸರಿನಲ್ಲೇ ಕೂತು ಮಕ್ಕಳ ಹಾಗೆ ಅತ್ತ. ಅಳುತ್ತಲೇ ನಗುತ್ತಿದ್ದ.

ಶವದ ವ್ಯಾನು ಆ ಬೀದಿ ದಾಟುವಂತಿರಲಿಲ್ಲ. ಮೇಲಿನ ತುದಿಯಲ್ಲಿ ಅದನ್ನು ನಿಲ್ಲಿಸಿ, ಆಚೆಯ ತುದಿಗೆ ಇನ್ನೊಂದನ್ನು ಕರೆಸಿದರು. ನಡುವಿನ ದಾರಿಯನ್ನು ನೀರಣ್ಣ ಆರು ಜನರ ಹೆಗಲ ಮೇಲೆ ದಾಟಬೇಕಾಯಿತು. ಮುಂದೆ ಉದ್ದ ಬಗ್ಗಿಕೊಂಡು, ಗುಂಡ ಹೆಗಲೆತ್ತರಿಸಿಕೊಂಡು ನಡೆದರು. ಇಬ್ಬರ ಒಳ್ಳೆಯ ಬಟ್ಟೆಯೂ ಸೊಂಟದವರೆಗೆ ಕೆಸರು.

ಬಿಸಿಲಿಗೆ ರಸ್ತೆಯ ಮೇಲಿನ ಕೆಸರು ಒಣಗತೊಡಗಿತ್ತು. ಔಷಧಿ ಅಂಗಡಿಯ ಮೂಲೆಯಿಂದ ಗುಂಡಿಯವರೆಗೆ ಬರಿಗಾಲಿನ ಹದಿನೇಳು ಗುರುತು ಸಾಲಾಗಿ ಬಿದ್ದಿದ್ದವು. ಹೊತ್ತವರು ಅಲ್ಲಿಗೆ ಬಂದರು. ಆರೂ ಜನ ಒಟ್ಟಿಗೆ ಒಂದು ಮಾರು ಬಲಕ್ಕೆ ಸರಿದು, ಆ ಸಾಲನ್ನು ತುಳಿಯದೆ, ಅದರ ಪಕ್ಕದಲ್ಲೇ ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತ ಮುಂದೆ ಹೋದರು.