ಬಸ್ಸವ್ವ

ನೀಲಗಂಗಮ್ಮ ಮಾಗಳಕ್ಕೆ ಬಂದಾಗ ಅವಳ ಮಗ ಮರುಳನಿಗೆ ಇನ್ನೂ ಹೆಜ್ಜೆ ಬಂದಿರಲಿಲ್ಲ. ಗೋಡೆ ಹಿಡಿದು ನಿಲ್ಲುತ್ತಿದ್ದ, ಕೈ ಬಿಟ್ಟರೆ ದೊಪ್ಪನೆ ಕೂತು ತಾನೇ ನಗುತ್ತಿದ್ದ. ಅವನನ್ನು ಕೊಟ್ಟೂರಿನಲ್ಲಿ ಅತ್ತೆಯ ಮಡಿಲಿಗೆ ಹಾಕಿ, ಒಂದು ತಗಡಿನ ಪೆಟ್ಟಿಗೆ ಹಿಡಿದು ಅವಳು ಹಡಗಲಿಯ ಬಸ್ಸು ಹತ್ತಿದ್ದಳು.

ಗಂಡ ಕಾಮಾಲೆಯಾಗಿ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಮಾವ ಏಕಾಂತಪ್ಪನದು ಮಂಡಕ್ಕಿ ಭಟ್ಟಿ. ಮನೆಯಲ್ಲಿ ಉಣ್ಣಲು ಉಡಲು ಕೊರತೆ ಇರಲಿಲ್ಲ. ಆದರೆ ಗಂಡನಿಲ್ಲದ ಆ ಮನೆಯಲ್ಲಿ ತಾನು ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂಬುದೇ ಅವಳಿಗೆ ತಿಳಿಯದಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದವಳೆಂದು ತಮ್ಮ ಹಾಕಿಸಿದ ಅರ್ಜಿಗೆ ಅಂಗನವಾಡಿಯ ಕೆಲಸ ಬಂತು. ತರಬೇತಿ ಮುಗಿಸಿ ಹೊರಟು ನಿಂತಾಗ ಅತ್ತೆ ಉಚ್ಚಂಗೆಮ್ಮ ಬಾಗಿಲಿಗೆ ಅಡ್ಡ ಬರಲಿಲ್ಲ.

"ಹೋಗಾಕಿ ಹೋಗವ್ವ, ನಾ ಬ್ಯಾಡ ಅನ್ನಂಗಿಲ್ಲ. ಕೂಸು ಮಾತ್ರ ಇಲ್ಲೇ ಇರ್ಲಿ. ನನ್ನ ಮಗ ಬಿಟ್ಟುಹೋಗಿದ್ದು ಇದೊಂದ."

ಜಗಳ ತೆಗೆದರೆ ಕೆಲಸವೂ ಹೋದೀತು, ಕೂಸೂ ಹೋದೀತು ಎಂದು ಅಂಜಿ ನೀಲಗಂಗಮ್ಮ ಹೂಂ ಎಂದಳು. ಒಂದೆರಡು ತಿಂಗಳು, ಊರಿನಲ್ಲಿ ನೆಲೆ ನಿಂತ ಮೇಲೆ ಕರೆದುಕೊಂಡು ಹೋದರಾಯಿತು ಅಂದುಕೊಂಡಳು. ಒಂದೆರಡು ತಿಂಗಳು ಹಾಗೇ ಮುಂದೆ ಮುಂದೆ ಹೋಯಿತು.

ಮಾಗಳದಲ್ಲಿ ಅಂಗನವಾಡಿ ನಡೆಯುತ್ತಿದ್ದುದು ಹಳೆಯ ಚಾವಡಿಯಲ್ಲಿ. ಅದರ ಹಿಂದೆಯೇ ಅವಳ ಬಾಡಿಗೆ ಕೋಣೆ. ಬೆಳಿಗ್ಗೆ ಆಯಾ ಹುಲುಗಮ್ಮ ಕಸ ಹೊಡೆದು, ಓಣಿ ಓಣಿ ತಿರುಗಿ ಮಕ್ಕಳನ್ನು ಹಿಂಡುಗಟ್ಟಿಕೊಂಡು ಬರುತ್ತಿದ್ದಳು. ನೀಲಗಂಗಮ್ಮ ಒಬ್ಬೊಬ್ಬರನ್ನೇ ನಿಲ್ಲಿಸಿ ಮೂಗು ಒರೆಸುವಳು, ಉಗುರು ಕತ್ತರಿಸುವಳು, ಕಜ್ಜಿಗೆ ಮುಲಾಮು ಹಚ್ಚುವಳು. ಆಮೇಲೆ ಬಟ್ಟೆಯ ಚೆಂಡು ಎಸೆಯುವುದು, ಕಪ್ಪೆಯ ಹಾಗೆ ಕುಪ್ಪಳಿಸುವುದು, ಸುಣ್ಣದ ಗೆರೆಯ ಮೇಲೆ ಬೀಳದಂತೆ ನಡೆಯುವುದು. ಮಧ್ಯಾಹ್ನಕ್ಕೆ ಗೋಧಿ ನುಚ್ಚಿನ ಉಪ್ಪಿಟ್ಟು. ಮಕ್ಕಳಿರುವ ತನಕ ಚಾವಡಿಯಲ್ಲಿ ಸಂತೆಯ ಗದ್ದಲ. ಅವರು ಹೋದ ಮೇಲೆ ಹೊಳೆಯ ಕಡೆಯಿಂದ ಬರುವ ಗಾಳಿಯದೊಂದೇ ಸದ್ದು. ಸಂಜೆ ಹೊತ್ತು ಅವಳು ಕೋಣೆಯ ಹೊಸ್ತಿಲಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಹೋಗಿ ಬರುವವರು 'ಉಂಡ್ಯಾ ಟೀಚರಮ್ಮ' ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋಗುತ್ತಿದ್ದರು.

ಆ ಮಕ್ಕಳಲ್ಲಿ ದುರುಗಿ ಎಂಬ ಹುಡುಗಿ ಇದ್ದಳು. ಅಪ್ಪ ಅವ್ವ ಕಬ್ಬು ಕಡಿಯಲು ಹೊಸಪೇಟೆ ಕಡೆ ಹೋಗಿದ್ದರು, ಅಜ್ಜಿ ಹಂಪಮ್ಮ ಸಾಕುತ್ತಿದ್ದಳು. ಎರಡು ವರ್ಷ ತುಂಬಿದ್ದರೂ ದುರುಗಿ ನಿಲ್ಲುತ್ತಿರಲಿಲ್ಲ. ಹೊಟ್ಟೆ ಉಬ್ಬಿ, ಕಾಲು ಜೋಳದ ದಂಟಿನಂತಿದ್ದವು. ಅವಳನ್ನು ತೂಕದ ಜೋಲಿಗೆ ಹಾಕಲು ಹೋದ ದಿನ ಹಂಪಮ್ಮ ಓಡಿ ಬಂದು ಕಸಿದುಕೊಂಡಳು.

"ಕೂಸು ತೂಗಿದ್ರ ಏಳಿಗಿ ಆಗಂಗಿಲ್ಲ! ಜೋಳ ಏನು ಇದು, ತೂಗಾಕ?"

"ತೂಗಿದ್ರ ಬೆಳ್ಯಾಕತ್ತಾಳೋ ಇಲ್ಲೋ ಗೊತ್ತಾಗ್ತೈತಿ ಯವ್ವ. ಗೊತ್ತಾದ್ರ ಏನರ ಮಾಡಬೌದು."

ಹಂಪಮ್ಮ ಅಂದು ಒಪ್ಪಲಿಲ್ಲ. ಆದರೆ ಕೂಲಿಗೆ ಹೋಗಬೇಕಲ್ಲ, ಕೂಸನ್ನು ಬಿಡಲು ಬೇರೆ ಜಾಗವಿರಲಿಲ್ಲ. ನೀಲಗಂಗಮ್ಮ ತೂಕದ ಮಾತು ಬಿಟ್ಟು ದುರುಗಿಯನ್ನು ದಿನಾ ಎಳೆಬಿಸಿಲಲ್ಲಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕತೊಡಗಿದಳು. ಉಪ್ಪಿಟ್ಟು ಇಳಿಯದಿದ್ದರೆ ಶೇಂಗಾ, ಬೆಲ್ಲ ಕುಟ್ಟಿ ಹಾಲಿನಲ್ಲಿ ಕಲಸಿ ತಿನ್ನಿಸುವಳು. ಚಾವಡಿಯ ಕಟ್ಟೆ ಹಿಡಿಸಿ ನಿಲ್ಲಿಸಿ, ತಾನು ಮಾರು ದೂರ ಕೂತು ಬಣ್ಣದ ಬಳೆಯೊಂದನ್ನು ಆಡಿಸುವಳು. ಕೂಸು ಬಳೆಯ ಕಡೆ ನೋಡಿ ಕೈ ಚಾಚುವುದು, ಕಾಲು ನಡುಗುವುದು, ಕೂರುವುದು. ಹೀಗೆ ಬೇಸಿಗೆಯೆಲ್ಲ ಕಳೆಯಿತು. ಮುಂಗಾರಿನ ಮೊದಲ ಮಳೆ ಬಂದು ನಿಂತ ಒಂದು ಬೆಳಿಗ್ಗೆ ದುರುಗಿ ಕಟ್ಟೆ ಬಿಟ್ಟಳು. ಎರಡು ಹೆಜ್ಜೆ, ಮೂರನೆಯದಕ್ಕೆ ನೀಲಗಂಗಮ್ಮನ ಕೊರಳಿಗೆ ಬಿದ್ದಳು. ಹುಲುಗಮ್ಮ ಸೌಟು ಹಿಡಿದೇ ಕುಣಿದಳು. ನೀಲಗಂಗಮ್ಮ ಕೂಸಿನ ಹೆಗಲಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು.

"ಯಾಕ್ ಟೀಚರಮ್ಮ, ನಗೋದು ಬಿಟ್ಟು?" ಎಂದಳು ಹುಲುಗಮ್ಮ.

"ನನ್ನ ಮಗ ನಡದಾಗ ನಾ ನೋಡ್ಲಿಲ್ಲ, ಹುಲುಗಮ್ಮ."

ಅವನು ನಡೆದದ್ದನ್ನು ಅವಳಿಗೆ ಮಾವ ಹೇಳಿ ಕಳಿಸಿದ್ದ. ವಾರದ ರಜೆಗೆ ಹಡಗಲಿಯಲ್ಲಿ ಬಸ್ಸು ಬದಲಿಸಿ ಕೊಟ್ಟೂರಿಗೆ ಹೋಗಿ ಇಳಿಯುವಷ್ಟರಲ್ಲಿ ಮರುಳ ಓಣಿಯ ತುಂಬ ಓಡುತ್ತಿದ್ದ. ಅವಳನ್ನು ಕಂಡು ಅಜ್ಜಿಯ ಸೀರೆಯ ನಿರಿಗೆಯಲ್ಲಿ ಮುಖ ಮುಚ್ಚಿಕೊಂಡ. ಅವನಿಗೆ ಅಜ್ಜಿಯೇ ಅವ್ವ. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವ ಇವಳು 'ಬಸ್ಸವ್ವ'. ಓಣಿಯ ಹೆಂಗಸರು ಬಸವ್ವ ಎಂದೇ ಕೇಳಿಸಿಕೊಂಡು, ಎಷ್ಟು ಚಂದ ಹೆಸರಿಟ್ಟಾನ ಎಂದು ನಕ್ಕರು. ನೀಲಗಂಗಮ್ಮನೂ ನಕ್ಕಳು. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ಹಣೆಯೊತ್ತಿ, ಆ ಹೆಸರನ್ನು ತನ್ನಷ್ಟಕ್ಕೆ ತಾನು ಒಂದೆರಡು ಸಲ ಹೇಳಿಕೊಂಡಳು.

ಶ್ರಾವಣದ ಸೋಮವಾರ ಮರುಳನ ಜವಳ ತೆಗೆಸುವುದೆಂದು ಗೊತ್ತಾಯಿತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಮೊದಲ ಕೂದಲು ತೆಗೆಯುವಾಗ ತಾಯಿ ಎದುರಿಗಿರಬೇಕು. ನೀಲಗಂಗಮ್ಮ ರಜೆ ಕೇಳಿಕೊಂಡಳು, ಮಗನಿಗೆ ಕೆಂಪು ಅಂಗಿ ಹೊಲಿಸಿದಳು. ಭಾನುವಾರ ಬೆಳಿಗ್ಗೆ ಹೊರಡಲು ಚೀಲ ಕಟ್ಟುತ್ತಿದ್ದಾಗ ಹಂಪಮ್ಮ ದುರುಗಿಯನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹೊಳೆಗೆ ಹೊಸ ನೀರು ಬಂದಿತ್ತು, ಊರಲ್ಲಿ ಹಲವು ಮಕ್ಕಳಿಗೆ ಭೇದಿ. ದುರುಗಿಯ ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಹಿಂಡಿ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು.

"ನೀರು ಕೊಟ್ಯೇನಬೇ?"

"ಎಲ್ಲೀದು? ಕೊಟ್ಟಷ್ಟೂ ಹೊರಗ ಹೋಗ್ತೈತಿ ಅಂತ ನಿನ್ನಿಂದ ಏನೂ ಕೊಟ್ಟಿಲ್ಲ."

ಅವಳು ಹೋಗಬೇಕಿದ್ದ ಬಸ್ಸಿಗೇ ಮೂವರೂ ಹತ್ತಿದರು. ಹಡಗಲಿಯ ದವಾಖಾನೆಯಲ್ಲಿ ಡಾಕ್ಟರು ನೋಡಿ, ಮದ್ದು ಕೊಟ್ಟು, "ಉಪ್ಪು ಸಕ್ಕರಿ ನೀರು ಚಮಚದಲೆ ಕೊಡ್ತಾ ಇರ್ರಿ. ವಾಂತಿ ಮಾಡಿದ್ರೂ ಬಿಡಬ್ಯಾಡ್ರಿ. ಇವತ್ತು ಬಿಟ್ರ ಕೂಸು ಉಳಿಯಂಗಿಲ್ಲ" ಎಂದರು. ವರಾಂಡದಲ್ಲಿ ಚಾಪೆ ಹಾಸಿ ನೀಲಗಂಗಮ್ಮ ಕುಡಿಸಲು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಚಮಚವನ್ನು ಹಂಪಮ್ಮನ ಕೈಗೆ ಕೊಟ್ಟು ಬಸ್ ನಿಲ್ದಾಣದ ಕಡೆ ಹೊರಟವಳು, ಗೇಟಿನ ಹತ್ತಿರ ತಿರುಗಿ ನೋಡಿದಳು. ಮುದುಕಿ ಚಮಚ ಕೆಳಗಿಟ್ಟು ಕೂಸಿನ ಬಾಯಿಯನ್ನು ಸೆರಗಿನಿಂದ ಮುಚ್ಚಿ ಕೂತಿದ್ದಳು. ಕುಡಿಸಿದ್ದು ವಾಂತಿಯಾಗಿತ್ತು, ಅಂಜಿದ್ದಳು.

ನೀಲಗಂಗಮ್ಮ ತಿರುಗಿ ಬಂದು ಚಮಚ ತೆಗೆದುಕೊಂಡಳು.

"ನೀ ಹೋಗು ಯವ್ವ, ನಿನ್ನ ಮಗನ ಜವಳ ಐತಿ," ಎಂದಳು ಹಂಪಮ್ಮ. ಬಾಯಲ್ಲಿ ಹಾಗೆಂದರೂ ಕೈ ಇವಳ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು.

ಕೊಟ್ಟೂರಿಗೆ ಹೋಗುವ ಆ ದಿನದ ಕೊನೆಯ ಬಸ್ಸು ದವಾಖಾನೆಯ ಮುಂದೆಯೇ ಹಾರನ್ ಹಾಕಿಕೊಂಡು ಹೋಯಿತು. ಅವಳು ತಲೆಯೆತ್ತಲಿಲ್ಲ. ಕತ್ತಲಾಗುವ ಹೊತ್ತಿಗೆ ದುರುಗಿ ಉಚ್ಚೆ ಹೊಯ್ದಳು, ಕಣ್ಣು ಬಿಟ್ಟು ತಾನೇ ಚಮಚಕ್ಕೆ ಬಾಯಿ ತಂದಳು.

ಮರುದಿನ ಮೊದಲ ಬಸ್ಸು ಹಿಡಿದು ನೀಲಗಂಗಮ್ಮ ಕೊಟ್ಟೂರು ಸೇರಿದಾಗ ಬಿಸಿಲೇರಿತ್ತು. ಮನೆಯ ಮುಂದೆ ಚಪ್ಪರ, ನೆಂಟರ ಮಾತು. ಕಟ್ಟೆಯ ಮೇಲೆ ಕೂತು ಮಕ್ಕಳು ಮಂಡಕ್ಕಿ ತಿನ್ನುತ್ತಿದ್ದವು. ತಲೆ ನುಣ್ಣಗೆ ಬೋಳಿಸಿ ಗಂಧ ಹಚ್ಚಿದ್ದ ಒಂದು ಕೂಸಿನ ಗಲ್ಲ ಸವರಿ, ಅವಳು ಮುಂದೆ ಹೋಗಿ ಒಳಗೆ ಕೇಳಿದಳು: "ಮರುಳ ಎಲ್ಲಿ?"

ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಉಚ್ಚಂಗೆಮ್ಮ ನಿಧಾನವಾಗಿ ಹೊರಗೆ ಕೈ ತೋರಿಸಿದಳು.

"ನಿನ್ನ ಹೊಟ್ಯಾಗ ಹುಟ್ಟಿದ್ದನ್ನ ದಾಟಿ ಬಂದ್ಯಲ್ಲ. ಅಲ್ಲೇ ಅದಾನ ನೋಡು."

ಕೆಂಪು ಅಂಗಿ ಅವಳ ಚೀಲದಲ್ಲಿಯೇ ಇತ್ತು. ನೆಂಟರ ಎದುರಿಗೆ ಅಂದು ಅವಳ ಬಾಯಿ ತೆರೆಯಿತು.

"ಒಂದು ಕೂಸು ಸಾಯಾಕತ್ತಿತ್ತು, ಅದಕ್ಕ ಬರಾಕ ಆಗ್ಲಿಲ್ರಿ ಅತ್ತಿ. ಮಗನ್ನ ನನ್ನ ಕೂಡ ಕಳಸ್ರಿ. ಊರ ಮಕ್ಕಳನ್ನೆಲ್ಲ ನೋಡ್ಕೊಳ್ತೀನಿ, ನನ್ನ ಮಗನ್ನ ನೋಡ್ಕೊಳ್ಳಾಕ ಬರಂಗಿಲ್ಲೇನು ನನಗ?"

"ಒಯ್ಯಿ!" ಎಂದು ಉಚ್ಚಂಗೆಮ್ಮ ಕೂಗಿದಳು. "ನಾನೇನು ಕಟ್ಟಿ ಹಾಕೀನಿ? ಒಯ್ದು ನೋಡು!"

ಏಕಾಂತಪ್ಪ ಮೊಮ್ಮಗನನ್ನು ಹೊತ್ತು ಬಸ್ಸಿನ ತನಕ ಬಂದ. ಬಸ್ಸು ಹೊರಟಾಗ ಮರುಳ ಕಿಟಕಿಯಿಂದ ಹೊರಗೆ ಬಗ್ಗಿ ಚೀರಿದ. ಅಜ್ಜ ಮುಖ ತಿರುಗಿಸಿಕೊಂಡು ನಿಂತ.

ಮಾಗಳದಲ್ಲಿ ಮರುಳ ಮೊದಲ ಎರಡು ದಿನ ಅತ್ತ. ಆಮೇಲೆ ಅಳುವುದನ್ನೂ ಬಿಟ್ಟ. ಅದು ಅವಳನ್ನು ಹೆಚ್ಚು ಹೆದರಿಸಿತು. ಬಟ್ಟೆಯ ಚೆಂಡು ಮುಟ್ಟಲಿಲ್ಲ, ಮಕ್ಕಳ ಜೊತೆ ಕುಪ್ಪಳಿಸಲಿಲ್ಲ. ಓಣಿಯ ತುಂಬ ಓಡಿದ್ದವನು ಈಗ ಚಾವಡಿಯ ಹೊಸ್ತಿಲಲ್ಲಿ ಕೂತು ಬಸ್ಸು ಬರುವ ದಾರಿ ನೋಡುವನು. ಅನ್ನ ಬಾಯಲ್ಲಿಟ್ಟರೆ ಕೆನ್ನೆಯಲ್ಲಿಯೇ ಇಟ್ಟುಕೊಳ್ಳುವನು. ಪಕ್ಕದಲ್ಲಿ ಮಲಗಿಸಿಕೊಂಡರೆ ಗೋಡೆಯ ಕಡೆ ಸರಿದು, ನಿದ್ದೆಗಣ್ಣಲ್ಲಿ 'ಅವ್ವಾ' ಎನ್ನುವನು. ಯಾರನ್ನು ಕರೆದನೆಂದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಸಲ "ಇಲ್ಲೇ ಅದೀನಪ್ಪ" ಎನ್ನುವಳು.

ಎಣ್ಣೆ ತಿಕ್ಕಿದಳು, ಶೇಂಗಾ ಬೆಲ್ಲ ಕುಟ್ಟಿದಳು, ಬಳೆ ಆಡಿಸಿದಳು. ಎಲ್ಲ ಮಕ್ಕಳಿಗೂ ಒಗ್ಗಿದ್ದು ಇವನಿಗೆ ಒಗ್ಗಲಿಲ್ಲ. ಬಂದ ದಿನ ತೂಗಿದ್ದಳು. ಹದಿನೈದು ದಿನದ ಮೇಲೆ ಮತ್ತೆ ಜೋಲಿಗೆ ಹಾಕಿದಾಗ ತೂಕದ ಮುಳ್ಳು ಹಿಂದೆ ಸರಿದು ನಿಂತಿತು. ಮಕ್ಕಳ ಗದ್ದಲದ ನಡುವೆ ಅವಳು ಆ ಮುಳ್ಳನ್ನೇ ನೋಡುತ್ತ ನಿಂತಳು. ಹುಲುಗಮ್ಮ ಬಂದು ಮರುಳನನ್ನು ಜೋಲಿಯಿಂದ ಇಳಿಸಿದಳು.

"ಬ್ಯಾರೇರ ಕೂಸಾಗಿದ್ರ ಏನಂತ ಹೇಳ್ತಿದ್ರಿ ಟೀಚರಮ್ಮ?"

ನೀಲಗಂಗಮ್ಮ ಮಗನ ಅಂಗಿ ಸರಿಮಾಡಿದಳು. "ಎಲ್ಲಿ ಉಣ್ತತೋ, ಎಲ್ಲಿ ನಕ್ಕೊಂತ ಇರ್ತತೋ ಅಲ್ಲಿ ಬಿಡ್ರಿ ಅಂತಿದ್ದೆ," ಎಂದಳು.

ಆ ಶನಿವಾರವೇ ಕರೆದುಕೊಂಡು ಹೊರಟಳು. ಕೊಟ್ಟೂರಿನಲ್ಲಿ ಬಸ್ಸಿನಿಂದಿಳಿದು ಓಣಿ ತಿರುಗುತ್ತಲೇ ಮರುಳ ಅವಳ ಕೈ ಕೊಡವಿಕೊಂಡು ಓಡಿದ. ಉಚ್ಚಂಗೆಮ್ಮ ಭಟ್ಟಿಯ ಮುಂದೆ ಕೂತು ಮಂಡಕ್ಕಿ ಹಸನು ಮಾಡುತ್ತಿದ್ದಳು. ಕೈಯಲ್ಲಿದ್ದ ಮೊರ ಬಿಸಾಕಿ, ಎರಡೂ ತೋಳಿನಿಂದ ಅವನನ್ನು ಬಾಚಿಕೊಂಡಳು. ಆಮೇಲೆ ತಲೆಯೆತ್ತಿ ಸೊಸೆಯನ್ನು ನೋಡಿದಳು. ಗೆದ್ದೆ ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿದ್ದರೂ ಇರಬಹುದು. ಸೊಸೆಯ ಮುಖ ಕಂಡು ಅದು ಹೊರಬೀಳಲಿಲ್ಲ.

"ಸೊರಗ್ಯಾನ," ಎಂದಳಷ್ಟೇ.

"ಹೌದ್ರಿ ಅತ್ತಿ. ನನ್ನ ಹತ್ರ ಉಣ್ಣವಲ್ಲ."

ಉಚ್ಚಂಗೆಮ್ಮ ಎದ್ದು ಒಳಗೆ ಹೋಗಿ ನೀರು ತಂದು ಕೊಟ್ಟಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕೈಯಿಂದ ನೀರು ಈಸಿಕೊಂಡದ್ದು ನೀಲಗಂಗಮ್ಮನಿಗೆ ನೆನಪಿರಲಿಲ್ಲ.

"ವಾರ ವಾರ ಬಾ. ಬಂದ್ರ ಒಂದಿನ ಹೆಚ್ಚಿಗಿ ಇರು," ಎಂದಳು ಉಚ್ಚಂಗೆಮ್ಮ. "ಅವ್ವ ಅನ್ನಾಕ ನಾ ಕಲಸ್ತೀನಿ ಇವಂಗ."

"ಕಲಸಬ್ಯಾಡ್ರಿ. ತಿಳದ ಮ್ಯಾಲೆ ತಾನಾ ಅನ್ಲಿ."

ಮರುಳ ಆಗಲೇ ಮಂಡಕ್ಕಿಯ ರಾಶಿಯ ಮೇಲೆ ಹತ್ತಿ ಜಾರುತ್ತಿದ್ದ. ಮರುದಿನ ಅವಳು ಹೊರಟಾಗ ಆಟದಿಂದ ತಲೆಯೆತ್ತಿ ಕೈ ಬೀಸಿದ. ಅಷ್ಟಾದರೂ ಬೀಸಿದನಲ್ಲ ಎಂದು ಅವಳು ಬಸ್ಸು ಹತ್ತಿದಳು.

ಮಾಗಳದಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮಗನನ್ನು ಬಿಟ್ಟು ಬಂದ ಸುದ್ದಿ ಹೇಗೋ ಊರಿಗೆ ತಿಳಿದಿತ್ತು. ಅವಳು ಕೋಣೆಯ ಬೀಗ ತೆಗೆಯುತ್ತಿದ್ದಾಗ ಹಂಪಮ್ಮ ದುರುಗಿಯನ್ನು ಕೈಹಿಡಿದು ನಡೆಸಿಕೊಂಡು ಬಂದಳು. ಹೊಸ್ತಿಲ ಬಳಿ ಕೂತಳು. ಮೊಮ್ಮಗಳ ಕೈ ಬಿಟ್ಟು ಅಂದಳು:

"ಇವತ್ತು ಇಕಿ ನಿನ್ನ ಹತ್ರ ಮಲಗ್ಲಿ ಯವ್ವ. ನಿನ್ನ ಮನಿ ಬಣಗುಡ್ತೈತಿ."

ದುರುಗಿ ಆಗಲೇ ಅವಳ ಮಡಿಲೇರಿ ಬಳೆ ತಿರುಗಿಸುತ್ತಿದ್ದಳು. ಮೈಯಲ್ಲಿ ಎಣ್ಣೆಯ ವಾಸನೆ, ತುಸು ಭಾರವೂ ಆಗಿದ್ದಳು. ನೀಲಗಂಗಮ್ಮ ಅವಳ ನೆತ್ತಿಯ ಮೇಲೆ ಗಲ್ಲ ಊರಿ ಕೂತಳು. ಹೂಂ ಎಂದುಬಿಡಬೇಕೆನ್ನಿಸಿತು.

"ಬ್ಯಾಡಬೇ," ಎಂದಳು ಕೊನೆಗೆ. "ಎಚ್ಚರಾದ್ರ ನಿನ್ನ ಹುಡುಕ್ತಾಳ."

ಅಜ್ಜಿ ಮೊಮ್ಮಗಳು ಎದ್ದು ಹೋದರು. ದುರುಗಿ ಎತ್ತಿಸಿಕೊಳ್ಳಲು ಒಪ್ಪದೆ, ಅಜ್ಜಿಯ ಬೆರಳು ಹಿಡಿದು ತಾನೇ ನಡೆದಳು. ಅವರು ಓಣಿಯ ತಿರುವು ದಾಟುವ ತನಕ ನೀಲಗಂಗಮ್ಮ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಒಲೆ ಹೊತ್ತಿಸಿದಳು.