ಪಶ್ಚಿಮದ ಗೋಡೆ

ಗಿರಿಜಾದೇವಿ ಹೊರಗಡೆಯಿಂದ ಗೋಡೆಯ ಕಿಂಡಿಯೊಂದಕ್ಕೆ ಬೆರಳು ತೂರಿಸಿದರು. ಒಳಗೆ ರಟ್ಟು ತಾಗಿತು. ಪಕ್ಕದ ಕಿಂಡಿಯ ಹಿಂದೆ ಕಬ್ಬಿಣದ ಬೀರು, ಅದರಾಚೆಯದರಲ್ಲಿ ಮಡಚಿ ತುರುಕಿದ ಹಳೆಯ ಪೇಪರು. ಅನ್ನಪೂರ್ಣೇಶ್ವರಿ ನಗರದ ಈ ಸರ್ಕಾರಿ ಕಚೇರಿಯನ್ನು ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿಸಿ, ಪಶ್ಚಿಮದ ಗೋಡೆಯುದ್ದಕ್ಕೂ ಕಿಂಡಿ ಬಿಡಿಸಿದ್ದು ಅವರೇ. ಗಾಳಿ ಅಲ್ಲಿಂದ ಒಳಗೆ ಬಂದು ನಡುವಿನ ತೆರೆದ ಅಂಗಳದಿಂದ ಮೇಲೇರಿ ಹೋಗಬೇಕು, ಏಸಿಯೇ ಬೇಕಾಗಬಾರದು. ನಾಲ್ಕು ವರ್ಷದ ಹಿಂದೆ ನಕ್ಷೆಯ ಮೇಲೆ ಆ ಗಾಳಿಗೆ ನೀಲಿ ಬಾಣಗಳನ್ನೂ ಬರೆದಿದ್ದರು.

ಈಗ ಕೆಂಗೇರಿಯಲ್ಲಿ ಇನ್ನೂ ದೊಡ್ಡ ಕಚೇರಿಯೊಂದು ಏಳಬೇಕಾಗಿತ್ತು. ಅದಕ್ಕೆ ಇದೇ ಮಾದರಿ ಎಂದು ಇಲಾಖೆ ಹೊರಟಿತ್ತು. ಈ ಕಟ್ಟಡ ಹೇಗೆ ನಡೆಯುತ್ತಿದೆ ಎಂದು ಸೋಮವಾರದ ಸಭೆಗೆ ಅವರು ವರದಿ ಕೊಡಬೇಕು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಮೂವತ್ತು ವರ್ಷ ಎಂಜಿನಿಯರಾಗಿ ದುಡಿದು ತಮ್ಮದು ಎನ್ನಬಹುದಾದದ್ದು ಇದೊಂದೇ ಕಟ್ಟಡ. ಉಳಿದವೆಲ್ಲ ಯಾರದೋ ನಕ್ಷೆ, ಇವರದು ಬರೀ ಸಹಿ.

ಒಳಗೆ ಮುಂದಿನ ಹಾಲಿನಲ್ಲಿ ಮೇಜಿಗೊಂದರಂತೆ ಫ್ಯಾನು ಗಿರಗುಟ್ಟುತ್ತಿತ್ತು. ಗಿರಿಜಾದೇವಿ ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ನೋಡಿದರು. ಹೊರಗೆ ಮೂವತ್ತೈದು, ಒಳಗೆ ಮೂವತ್ನಾಲ್ಕು.

"ಬೀರುಗಳನ್ನೆಲ್ಲ ಇಲ್ಲಿ ಯಾಕೆ ಇಟ್ರಿ? ಗಾಳಿಗೇ ಅಡ್ಡ ಆಯ್ತಲ್ಲ."

ಕಟ್ಟಡ ತೋರಿಸಲು ಜೊತೆಗೆ ಬಂದಿದ್ದವರು ರೆಕಾರ್ಡ್ ನೋಡಿಕೊಳ್ಳುವ ಏಕಾಂತಯ್ಯ. "ಗಾಳಿಗಲ್ಲ ಮೇಡಂ, ಬಿಸಿಲಿಗೆ ಇಟ್ಟಿರೋದು. ರಸ್ತೆ ಅಗಲ ಮಾಡುವಾಗ ಆಚೆ ಇದ್ದ ಮೂರು ಹೊಂಗೆ ಮರಾನೂ ಕಡಿದ್ರು. ಆವತ್ತಿಂದ ಎರಡು ಗಂಟೆ ಆಗ್ತಿದ್ದಂಗೆ ಬಿಸಿಲು ಕಿಂಡಿಯಿಂದ ಸೀದಾ ಮುಖಕ್ಕೇ ಹೊಡಿಯೋದು. ರಾಗಿಣಿ ಮೇಡಂ ಒಂದು ವಾರ ಛತ್ರಿ ಹಿಡ್ಕೊಂಡು ಟೈಪ್ ಮಾಡಿದ್ರು."

"ನಮಗೆ ತಿಳಿಸಬೇಕಿತ್ತು."

"ಎರಡು ಲೆಟರ್ ಬರೆದ್ವಲ್ಲ ಮೇಡಂ. ನಿಮ್ಮ ಆಫೀಸಿಗೇ."

ಆ ಪತ್ರಗಳು ಯಾವ ಮೇಜಿನಲ್ಲಿ ಉಳಿದವೋ. ತಮ್ಮದೇ ಮೇಜಿನಲ್ಲಿ ಇರಲಾರವು ಎನ್ನುವ ಧೈರ್ಯವೂ ಗಿರಿಜಾದೇವಿಗೆ ಇರಲಿಲ್ಲ.

"ಮತ್ತೆ ಈ ಫೈಲ್‌ಗಳಿಗೆ ಜಾಗ ಎಲ್ಲಿ ಬಿಟ್ಟಿದ್ರಿ?" ಏಕಾಂತಯ್ಯ ಬಸ್ಸಿನ ಹೊತ್ತು ಹೇಳುವಷ್ಟೇ ಸಲೀಸಾಗಿ ಹೇಳಿದರು. "ಮೂರು ಲಾರಿ ಬಂತು. ಕಟ್ಟೋಕೆ ಮುಂಚೆ ವಿಜಯನಗರದ ಹಳೇ ಆಫೀಸಿಗೆ ಒಂದ್ಸಲ ಬಂದು ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತು."

ಎಲ್ಲವೂ ಕಂಪ್ಯೂಟರಿಗೆ ಹೋಗುತ್ತದೆ, ಕಾಗದ ಇರುವುದಿಲ್ಲ ಎಂದು ಆಗ ಮೇಲಿನವರು ಹೇಳಿದ್ದರು. ಗಿರಿಜಾದೇವಿ ನಂಬಿದ್ದರು. ಇಲ್ಲಿ ಪಾಯ ತೆಗೆದಂದಿನಿಂದ ಬಣ್ಣ ಬಳಿಯುವವರೆಗೆ ವಾರಕ್ಕೆ ನಾಲ್ಕು ಸಲ ಬಂದಿದ್ದರು. ಇಲ್ಲಿ ಕೂರಲಿರುವ ಜನ ಆಗ ಕೂತಿದ್ದ ಜಾಗಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಹಿಂದಿನ ಭಾಗ ಏಕಾಂತಯ್ಯನವರ ವಶದಲ್ಲಿತ್ತು. ಅಲ್ಲಿ ಕಾಲಿಡುತ್ತಲೇ ಬೆನ್ನಿನ ಬೆವರು ತಣ್ಣಗೆ ತಾಗಿತು. ಥರ್ಮಾಮೀಟರು ಇಪ್ಪತ್ತೊಂಬತ್ತಕ್ಕೆ ಇಳಿದಾಗ ಗಿರಿಜಾದೇವಿ ನಂಬದೆ ಐದು ನಿಮಿಷ ಕಾದರು. ಇಪ್ಪತ್ತೊಂಬತ್ತೇ. ಫ್ಯಾನಿರಲಿಲ್ಲ.

"ಇಲ್ಲಿ ಹೇಗೆ ತಣ್ಣಗಿದೆ?"

"ಫೈಲೇ ಗೋಡೆ ಮೇಡಂ." ಪಶ್ಚಿಮಕ್ಕೆ ಒತ್ತಿ, ಉದ್ದಕ್ಕೂ ಸಂದಿಲ್ಲದಂತೆ ರ‍್ಯಾಕು ಜೋಡಿಸಿದ್ದರು, ಎರಡು ಸಾಲು. "ಇಷ್ಟು ದಪ್ಪ ಕಾಗದ ದಾಟ್ಕೊಂಡು ಯಾವ ಬಿಸಿಲು ಬರುತ್ತೆ? ಮೇಲೆ ಮಾತ್ರ ಒಂದಡಿ ಬಿಟ್ಟಿದೀನಿ, ಗಾಳಿ ಆಡ್ಲಿ ಅಂತ. ಅಂಗಳದ ಬಾಗಿಲು ಬೆಳಿಗ್ಗೆ ತೆಗೆದ್ರೆ ಸಂಜೆಗೇ ಹಾಕೋದು."

ಗಿರಿಜಾದೇವಿ ರ‍್ಯಾಕಿನ ಹಿಂದೆ ಕೈ ಚಾಚಿ ನೋಡಿದರು. ಬಿಸಿಲ ಕಡೆಯ ಕಡತಗಳು ಸುಡುತ್ತಿದ್ದವು. ಈಚೆಯವು ಮಡಕೆಯ ಹೊರಮೈಯಂತೆ ತಂಪಾಗಿದ್ದವು. ಅವರು ಏಕಾಂತಯ್ಯನವರ ಕುರ್ಚಿಯ ಮೇಲೆಯೇ ಕೂತುಬಿಟ್ಟರು.

ಮೇಲಧಿಕಾರಿ ಮೋಹನ್ ಕುಮಾರರ ಫೋನು ಬಂದದ್ದು ಆಗಲೇ. ಈ ಕಟ್ಟಡಕ್ಕಾಗಿ ಅವರೂ ಒಂದು ಕಾಲದಲ್ಲಿ ಓಡಾಡಿದವರು.

"ವರದಿ ತೃಪ್ತಿಕರ ಅಂತ ಬರೀರಿ ಮೇಡಂ. ಒಂದು ತಪ್ಪು ಸಿಕ್ರೆ ಸಾಕು ಅಂತ ಕಾಯ್ತಾ ಇದಾರೆ ಕಮಿಟೀಲಿ. ಗಾಜಿನ ಬಿಲ್ಡಿಂಗು, ಫುಲ್ ಏಸಿ, ಅದರ ಡ್ರಾಯಿಂಗ್ ರೆಡಿ ಇಟ್ಕೊಂಡು ಕೂತಿದಾರೆ."

"ಇಲ್ಲಿ ಜನ ಬೇಯ್ತಾ ಇದಾರೆ ಸಾರ್."

"ಕೆಂಗೇರೀಲಿ ಸರಿ ಮಾಡೋಣ. ಮೊದಲು ಪಾಸ್ ಆಗ್ಲಿ."

ಪಾಸಾದ ನಕ್ಷೆಯನ್ನು ಆಮೇಲೆ ಯಾರೂ ಮುಟ್ಟಗೊಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಚಂದ್ರಾ ಲೇಔಟಿನ ಮನೆಯಲ್ಲಿ ಗಿರಿಜಾದೇವಿ ಊಟದ ಮೇಜಿನ ಮೇಲೆ ಹಾಳೆ ಹರಡಿದರು. ಕೆಂಗೇರಿಯ ಕಟ್ಟಡವನ್ನು ಮತ್ತೆ ಬರೆದರು. ರೆಕಾರ್ಡ್ ಕೋಣೆಗಳೆಲ್ಲ ಪಶ್ಚಿಮಕ್ಕೆ, ಜನ ಕೂರುವುದು ಅಂಗಳದ ಕಡೆಗೆ. ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. ವರದಿಯಲ್ಲಿ ಮೂವತ್ನಾಲ್ಕು ಎಂದೂ ಬರೆದರು, ಇಪ್ಪತ್ತೊಂಬತ್ತು ಎಂದೂ ಬರೆದರು. ಎರಡು ಪತ್ರಗಳ ವಿಷಯವನ್ನೂ ಬಿಡಲಿಲ್ಲ.

ಸಭೆಯಲ್ಲಿ ವರದಿಯ ಮೊದಲ ಪುಟ ದಾಟಿದವರು ಕಡಿಮೆ.

"ಹಾಗಾದ್ರೆ ಈ ಮಾಡೆಲ್ ಫೇಲ್ ಅಂತ ನೀವೇ ಒಪ್ಕೊಂಡಂಗಾಯ್ತು," ಎಂದರು ಸದಸ್ಯರೊಬ್ಬರು.

"ಮಾಡೆಲ್ ಅಲ್ಲ ಸಾರ್. ಕೂರೋ ಜನಾನ ಕೇಳದೆ ಕಟ್ಟಿದ್ದು ನನ್ನ ತಪ್ಪು. ಅಲ್ಲೇ ಒಬ್ರು ಅದನ್ನ ಸರಿ ಮಾಡ್ಕೊಂಡಿದಾರೆ. ಹೊಸ ನಕ್ಷೆ ಕೊನೇ ಪುಟದಲ್ಲಿದೆ, ದಯವಿಟ್ಟು ನೋಡಿ."

ಹೊಸ ನಕ್ಷೆ ಎಂದರೆ ಹೊಸ ಮಂಜೂರಾತಿ, ಇನ್ನೂ ಆರು ತಿಂಗಳು ಎಂದು ಯಾರೋ ಹೇಳಿದರು. ಹನ್ನೆರಡೂವರೆಗೆ ತೀರ್ಮಾನವಾಯಿತು. ಕೆಂಗೇರಿಗೆ ಗಾಜು, ಏಸಿ. ಹಸಿರು ಕಟ್ಟಡ ಅನ್ನಿಸಿಕೊಳ್ಳಲು ಮೇಲೆ ಒಂದಷ್ಟು ಸೋಲಾರ್ ಹಲಗೆ.

ಮೆಟ್ಟಿಲಿಳಿಯುವಾಗ ಮೋಹನ್ ಕುಮಾರ್ ಜೊತೆಯಾದರು. "ಒಂದು ಸಾಲು ಬರೆದಿದ್ರೆ ಸಾಕಿತ್ತಲ್ಲ ಮೇಡಂ."

"ಗೊತ್ತು ಸಾರ್," ಎಂದರು ಗಿರಿಜಾದೇವಿ. ಮನೆಗೆ ಹೋಗಿ ಸೀರೆ ಕೂಡ ಬದಲಿಸದೆ ಮಲಗಿದರು. ಮೂರು ದಿನ ರಜೆ ಹಾಕಿದರು. ನಾಲ್ಕನೆಯ ದಿನ, ಸಣ್ಣಪುಟ್ಟ ರಿಪೇರಿಗೆ ತಮ್ಮದೇ ಸಹಿ ಸಾಕು ಎಂಬುದು ನೆನಪಾಗಿ, ಬಡಗಿ ಮುನಿರಾಜುಗೆ ಫೋನು ಮಾಡಿದರು.

ಮುಂದಿನ ರಜೆಯ ಶನಿವಾರ ಅನ್ನಪೂರ್ಣೇಶ್ವರಿ ನಗರದ ಕಚೇರಿಯಲ್ಲಿ ಬೀರುಗಳೆಲ್ಲ ಜಾಗ ಬದಲಿಸಿದವು, ಕಿಂಡಿಗಳಿಗೆ ತುರುಕಿದ್ದ ರಟ್ಟು, ಪೇಪರು ಹೊರಬಂದವು. ಮುಂದಿನ ಹಾಲಿಗೂ ಪಶ್ಚಿಮದ ಉದ್ದಕ್ಕೆ ರ‍್ಯಾಕು ಬಂತು. ಮೇಲೆ ಎಷ್ಟು ಬಿಡಬೇಕೆಂದು ಏಕಾಂತಯ್ಯ ಏಣಿಯ ಕೆಳಗೆ ನಿಂತು ಹೇಳಿದರು, ಮುನಿರಾಜು ಗುರುತು ಹಾಕಿದ, ಗಿರಿಜಾದೇವಿ ಬರೆದುಕೊಂಡರು. ಟೈಪಿಸ್ಟ್ ರಾಗಿಣಿ ಮೂಗಿಗೆ ಸೆರಗು ಕಟ್ಟಿಕೊಂಡು ಕಡತದ ಧೂಳು ಕೊಡವಿದಳು. "ಮೇಡಂ, ನನ್ನ ಟೇಬಲ್ ಅಂಗಳದ ಕಡೆಗೇ ಇರ್ಲಿ," ಎಂದಳು. ಅಲ್ಲಿಗೇ ಹಾಕಿಸಿದರು.

ಎರಡು ವಾರ ಕಳೆದು, ಮೇ ತಿಂಗಳ ಒಂದು ಮಧ್ಯಾಹ್ನ ಮೂರು ಗಂಟೆಗೆ ಗಿರಿಜಾದೇವಿ ಮತ್ತೆ ಹೋದರು. ಬಂದದ್ದು ಯಾರಿಗೂ ಹೇಳದೆ ಜನರ ಬೆಂಚಿನ ತುದಿಯಲ್ಲಿ ಕೂತರು. ಮೇಜಿನ ಫ್ಯಾನುಗಳು ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಪಿಂಚಣಿಯ ಕಾಗದಕ್ಕೆ ಬಂದಿದ್ದ ಮುದುಕಿಯೊಬ್ಬಳು ಚೀಟಿ ಹಿಡಿದು ಗೋಡೆಗೊರಗಿದ್ದಳು. ಕೌಂಟರಿನಿಂದ ನಲವತ್ತೊಂದು ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ಚೀಟಿಯಲ್ಲಿದ್ದದ್ದು ಅದೇ ಸಂಖ್ಯೆ. ಮುದುಕಿ ಬಾಯಿ ಕೊಂಚ ತೆರೆದು, ನಿದ್ದೆ ಹೋಗಿದ್ದಳು. ಅವಳ ಹಣೆಯ ಮೇಲಿನ ಬಿಳಿಗೂದಲು ಅಷ್ಟಿಷ್ಟು ಅಲುಗುತ್ತಿತ್ತು.