ಇಂಟರ್ನೀಸೈನ್‌ಗೆ ಎರಡನೆಯ ಸಹಿ

ಆ ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬರು ಅರ್ಥ ಬರೆದರೆ ಇನ್ನೊಬ್ಬರು ಉದಾಹರಣೆ ವಾಕ್ಯ ಬರೆಯಬೇಕು. ಪ್ರತಿ ಪದದ ಚೀಟಿಗೆ ಇಬ್ಬರ ಸಹಿಯೂ ಬೀಳಬೇಕು. ಅಣ್ಣ ತಂಗಿ ಇಬ್ಬರೇ ಹದಿನೆಂಟು ವರ್ಷ ಹೀಗೆ ದುಡಿದಿದ್ದರು. ಮುಖಪುಟದಲ್ಲಿ ಯಾರ ಹೆಸರು ಮೊದಲು ಅನ್ನುವ ಪ್ರಶ್ನೆ ಬಂದದ್ದೇ ತಡ, ಇಬ್ಬರಿಗೂ ಎಣ್ಣೆ ಸೀಗೆಕಾಯಿ ಆಯಿತು. ನಾಲ್ಕು ತಿಂಗಳಿಂದ ಮಾತಿಲ್ಲ, ಕತೆಯಿಲ್ಲ. ಚೀಟಿಗಳು ಮಾತ್ರ ಎರಡು ಮೇಜುಗಳ ನಡುವೆ ಓಡಾಡುತ್ತಿದ್ದವು. ಓದಿದವರ ಹಣೆಬರಹ ನೋಡಿ!

ಕೊನೆಗೆ ಉಳಿದದ್ದು ಇಂಗ್ಲಿಷಿನ ಒಂದೇ ಒಂದು ಗುಣವಾಚಕ: ‘ಇಂಟರ್ನೀಸೈನ್’. ಅದು ಮುಗಿದರೆ ಕೆಲಸವೇ ಮುಗಿಯಿತು. ನಾಳೆಯಿಂದ ಅಣ್ಣನ ಮುಖ ನೋಡಲು ತಂಗಿಗೆ ನೆಪವೂ ಇರದು. ಆ ಭಯಕ್ಕೆ ಅವಳು ಆ ಚೀಟಿಯನ್ನು ಬೆಳಗಿನಿಂದ ಮುಟ್ಟಿರಲಿಲ್ಲ. ತಾನೇ ಮೊದಲು ಮಾತಾಡೋಣವೆಂದರೆ ಹಾಳು ಹಠ ಬಿಡಬೇಕಲ್ಲ!

ಅಣ್ಣ ಬರೆದಿದ್ದ: ‘ಒಳಜಗಳದ, ಎರಡೂ ಪಕ್ಷಕ್ಕೆ ಮಾರಕವಾದ. ಮೂಲ ಲ್ಯಾಟಿನ್. ನೆಕಾರೆ ಎಂದರೆ ಕೊಲ್ಲು. ಇಲ್ಲಿ ಇಂಟರ್ ಎಂದರೆ ನಡುವೆ ಅಲ್ಲ, ಪೂರ್ತಿಯಾಗಿ. ಮೊದಲು ಕಗ್ಗೊಲೆಗೆ ಹೇಳುತ್ತಿದ್ದರು. ಹಳೆಯ ಇಂಗ್ಲಿಷ್ ನಿಘಂಟುಕಾರನೊಬ್ಬ ಅದನ್ನು ಪರಸ್ಪರ ಎಂದು ತಪ್ಪು ತಿಳಿದು ಬರೆದ. ಅದೇ ಅರ್ಥ ನಿಂತಿತು. ಒಂದೇ ಮನೆಯವರ ಕಾದಾಟಕ್ಕೂ ಸಲ್ಲುತ್ತದೆ.’

ಕೊನೆಯ ಸಾಲು ಓದಿ ಅವಳಿಗೆ ಮೈಯೆಲ್ಲ ಉರಿಯಿತು. ಯಾರಿಗೆ ಚುಚ್ಚುತ್ತಿದ್ದಾನೆ ಇವನು?

“ಅಕ್ಕಾ, ಹನ್ನೆರಡಕ್ಕೆ ಮೆಷಿನ್ ಶುರು ಮಾಡ್ಬೇಕು,” ಬಾಗಿಲಲ್ಲಿ ಕಾಯುತ್ತಿದ್ದ ಅಚ್ಚಿನವನು ಗೊಣಗಿದ. “ಏನೋ ಒಂದು ಸಾಲು ಗೀಚಿ ಕೊಟ್ಬಿಡಿ.”

ಹಲ್ಲು ಕಚ್ಚಿಕೊಂಡು ಗೀಚಿದಳು: ‘ಅಣ್ಣ ತಂಗಿ ಒಂದು ಹೆಸರಿಗಾಗಿ ಕಿತ್ತಾಡಿದರು, ಕೊನೆಗೆ ಅಣ್ಣನೂ ಉಳಿಯಲಿಲ್ಲ, ತಂಗಿಯೂ ಉಳಿಯಲಿಲ್ಲ.’ ಸಹಿ ಹಾಕಿ, ಎದ್ದು ಹೋಗಿ ಚೀಟಿಯನ್ನು ಅಣ್ಣನ ಮೇಜಿನ ಮೇಲೆ ಕುಕ್ಕಿದಳು.

ಅವನು ಓದಿದ. ಮತ್ತೊಮ್ಮೆ ಓದಿದ. ಕಿವಿ ಕೆಂಪಗಾಯಿತು. ಸಹಿ ಹಾಕುವವನಂತೆ ಪೆನ್ನಿನ ಮುಚ್ಚಳ ತೆಗೆದ. ಮುಗಿಯಿತು, ಇನ್ನು ಈ ಜನ್ಮದಲ್ಲಿ ಇವನು ತನ್ನ ಅಣ್ಣನಲ್ಲ ಅಂದುಕೊಂಡಳು. ಅವನು ಆ ವಾಕ್ಯದ ಉದ್ದಕ್ಕೂ ಗೀಟು ಎಳೆದ.

“ಇದು ನಡೆಯಲ್ಲ,” ಎಂದ, ತಲೆ ಎತ್ತದೆ.

“ಯಾಕಂತೆ?” ಅವಳು ಮೇಜಿನ ಮೇಲೆ ಬಾಗಿದಳು. “ಏನು ತಪ್ಪಿದೆ ಅದರಲ್ಲಿ?”

“ಸುಳ್ಳು ಬರ್ದಿದ್ದೀಯ. ನಾನಿನ್ನೂ ಇದ್ದೀನಲ್ಲೇ.”

ಅವಳು ಅವನೆದುರಿನ ಕುರ್ಚಿಯಲ್ಲಿ ಕುಸಿದು, ಅಚ್ಚಿನವನು ನೋಡುತ್ತಿದ್ದಾನೆ ಅನ್ನುವುದನ್ನೂ ಮರೆತು, ಗೊಳೋ ಎಂದು ಅತ್ತಳು.